ಸತುವೋ, ಸಪ್ಪೆಯೋ: ಆರು ತಿಂಗಳು ನುಂಗಿದ ಮಾತ್ರೆ

ತಿಪಟೂರಿನಿಂದ ಅಮೆರಿಕದ ಮಿನಿಯಾಪೊಲಿಸ್‌ಗೆ ಆ ಪಾರ್ಸೆಲ್ ಬರಲು ಹನ್ನೊಂದು ದಿನ ಹಿಡಿಯಿತು. ಮೇಲೆ ಕೊಬ್ಬರಿ ಮಿಠಾಯಿ, ಚಟ್ನಿಪುಡಿ, ಹುರಿಗಾಳು. ಅಡಿಯಲ್ಲಿ ಅಪ್ಪನ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ ಎರಡು ಡಬ್ಬಿ. ಒಂದು ಅಶ್ವಗಂಧದ ಲೇಹ್ಯ. ಇನ್ನೊಂದರಲ್ಲಿ ಕ್ಯಾಪ್ಸೂಲು. ಅಮ್ಮ ಫೋನಿನಲ್ಲಿ ದನಿ ಇಳಿಸಿ ಹೇಳಿದಳು: "ಬೆಳಿಗ್ಗೆ ಒಂದು, ರಾತ್ರಿ ಒಂದು, ಹಾಲಿನ ಜೊತೆ ತಗೋ. ಅವಳಿಗೆ ಹೇಳಕ್ಕೆ ಹೋಗ್ಬೇಡ, ಗಂಡಸರ ಔಷಧಿ ಇದು." ಪಕ್ಕದಲ್ಲಿ ಅಪ್ಪ ಕೆಮ್ಮಿದ್ದು ಕೇಳಿಸಿತು.

ಅಮ್ಮನಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಆ ಹೊತ್ತಿಗೆ ನಾನು ಬೇರೆ ಒಂದು ಮಾತ್ರೆ ಶುರು ಮಾಡಿ ಮೂರು ವಾರ ಆಗಿತ್ತು. ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿರಲಿಲ್ಲ. ಕೊಟ್ಟ ನರ್ಸಿಗೂ ಗೊತ್ತಿರಲಿಲ್ಲ. ನಮ್ಮ ಡಾಕ್ಟರಿಗೂ ಗೊತ್ತಿರಲಿಲ್ಲ. ಗೊತ್ತಾಗಬಾರದು ಎನ್ನುವುದೇ ಅದರ ನಿಯಮ.

ಮದುವೆಯಾಗಿ ನಾಲ್ಕು ವರ್ಷ ಆಗಿತ್ತು. ಮಗು ಬೇಕು ಅಂದುಕೊಂಡು ಎರಡೂವರೆ ವರ್ಷ. ಈ ಲೆಕ್ಕ ನಮಗಿಂತ ಚೆನ್ನಾಗಿ ನೆಂಟರಿಗೆ ಗೊತ್ತಿತ್ತು. 2015ರಲ್ಲಿ, ಇಲ್ಲಿ ಎಲೆ ಉದುರುವ ಕಾಲದಲ್ಲಿ, ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದೆವು. ಮೊದಮೊದಲು ಪರೀಕ್ಷೆಯೆಲ್ಲ ಹೆಂಡತಿಗೇ. ರಕ್ತ, ಸ್ಕ್ಯಾನು, ಆಮೇಲೆ ಬಣ್ಣದ ದ್ರವ ಬಿಟ್ಟು ಗರ್ಭನಾಳ ತೆರೆದಿದೆಯಾ ಎಂದು ನೋಡುವ ಎಕ್ಸ್‌ರೇ. ನಾನು ಹೊರಗೆ ಕೂತು ಕಾಫಿ ಕುಡಿಯುವ ಗಿರಾಕಿ. ಅವಳಿಗೆ ಸ್ವಲ್ಪ ಪಿಸಿಓಡಿ, ಅಂದರೆ ಅಂಡ ತಿಂಗಳು ತಿಂಗಳು ಸರಿಯಾಗಿ ಬಲಿಯದ ತೊಂದರೆ, ಇದೆ ಅಂದರು. ಕೊನೆಗೆ ನನ್ನ ಕೈಗೂ ಒಂದು ಪ್ಲಾಸ್ಟಿಕ್ ಡಬ್ಬಿ ಬಂತು. ವರದಿಯಲ್ಲಿ ಮಿಲಿಲೀಟರಿಗೆ 90 ಲಕ್ಷ ವೀರ್ಯಾಣು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹಾಕಿದ್ದ ಕನಿಷ್ಠ ಗೆರೆ 1.5 ಕೋಟಿ. ಕಾರಿನಲ್ಲಿ ಮನೆಗೆ ಬರುವಾಗ ಇಬ್ಬರೂ ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ ಅವಳು, "ರೀ, 90 ಲಕ್ಷ ಅಂದ್ರೂ ಬೇಕಾಗಿರೋದು ಒಂದೇ ಅಲ್ವಾ?" ಎಂದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮುಂದಿನ ಭೇಟಿಯಲ್ಲಿ ಡಾಕ್ಟರ್ ಒಂದು ಕಾಗದ ಮುಂದಿಟ್ಟರು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು ನಡೆಸುತ್ತಿದ್ದ ಟ್ರಯಲ್. ಹೆಸರು 'ಫೋಲಿಕ್ ಆಸಿಡ್ ಅಂಡ್ ಜಿಂಕ್ ಸಪ್ಲಿಮೆಂಟೇಶನ್ ಟ್ರಯಲ್'. 2013ರಿಂದ ನಾಲ್ಕು ಕಡೆ ನಡೆಯುತ್ತಿತ್ತು, ಅದರಲ್ಲಿ ನಾವಿದ್ದ ಮಿನ್ನೆಸೋಟ ರಾಜ್ಯವೂ ಒಂದು. ಮಗುವಿಗಾಗಿ ಚಿಕಿತ್ಸೆಗೆ ಬಂದ ದಂಪತಿಗಳಲ್ಲಿ ಗಂಡಸಿಗೆ ಆರು ತಿಂಗಳು ದಿನಾ ಮಾತ್ರೆ. ಅರ್ಧ ಜನಕ್ಕೆ 5 ಮಿಲಿಗ್ರಾಂ ಫೋಲಿಕ್ ಆಸಿಡ್, 30 ಮಿಲಿಗ್ರಾಂ ಜಿಂಕ್, ಅಂದರೆ ನಮ್ಮ ಸತು. ಇನ್ನರ್ಧ ಜನಕ್ಕೆ ನೋಡಲು ಅದೇ ಥರದ, ಒಳಗೆ ಏನೂ ಇಲ್ಲದ ಮಾತ್ರೆ. ಅದಕ್ಕೆ ಪ್ಲಸೀಬೊ ಅನ್ನುತ್ತಾರೆ. ನಾವು ಮನೆಯಲ್ಲಿ 'ಸಪ್ಪೆ ಮಾತ್ರೆ' ಎಂದು ಕರೆದೆವು. ಯಾರಿಗೆ ಯಾವುದು ಎಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ.

ಅವಳು ಆ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ನಾನು ಮೊದಲ ಪುಟ ಓದಿ ಸಹಿ ಹಾಕಲು ಪೆನ್ನು ಹುಡುಕುತ್ತಿದ್ದೆ. "ಸಪ್ಪೆ ಮಾತ್ರೆ ಸಿಕ್ಕಿಬಿಟ್ರೆ? ಆರು ತಿಂಗಳು ಸುಮ್ನೆ ಹೋಗುತ್ತಲ್ಲ" ಎಂದು ಕೇಳಿದ್ದು ಅವಳೇ. ಆಗ ಅವಳಿಗೆ ಮೂವತ್ತೆರಡು. ನಮ್ಮಂಥವರಿಗೆ ಆರು ತಿಂಗಳು ಅಂದರೆ ಸಣ್ಣ ಮಾತಲ್ಲ.

ಟ್ರಯಲ್ ನೋಡಿಕೊಳ್ಳುತ್ತಿದ್ದ ಕೋಆರ್ಡಿನೇಟರ್ ಆಕೆ ಪಕ್ಕದ ವಿಸ್ಕಾನ್ಸಿನ್ ಕಡೆಯವರು. ಚೀಸ್ ಬಗ್ಗೆ ಎಷ್ಟು ಮಾತಾಡುತ್ತಿದ್ದರೋ ಅಷ್ಟೇ ಉತ್ಸಾಹದಲ್ಲಿ ವೀರ್ಯದ ಬಗ್ಗೆಯೂ ಮಾತಾಡುತ್ತಿದ್ದರು. ಅವರು ಸ್ಪಷ್ಟವಾಗಿ ಹೇಳಿದರು: ನಿಮ್ಮ ಚಿಕಿತ್ಸೆ ಯಾವುದೂ ನಿಲ್ಲುವುದಿಲ್ಲ. ಐಯುಐ, ಅಂದರೆ ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವುದು, ಮಾಡಿಸಬೇಕಿದ್ದರೆ ಮಾಡಿಸಿ, ಐವಿಎಫ್, ಅಂದರೆ ಪ್ರನಾಳ ಶಿಶು, ಆದರೆ ಅದನ್ನು ಮಾಡಿಸಿ. ನಮ್ಮ ಮಾತ್ರೆ ಅದರ ಮೇಲೆ ಹಾಕಿದ ಒಗ್ಗರಣೆ ಅಷ್ಟೇ. (ಒಗ್ಗರಣೆ ಅನ್ನುವುದು ನನ್ನ ಮಾತು.) ಯಾರಿಗೂ ಸಿಗಬೇಕಾದ ಚಿಕಿತ್ಸೆ ಕಿತ್ತುಕೊಂಡು ಸಪ್ಪೆ ಮಾತ್ರೆ ಕೊಡುತ್ತಿಲ್ಲ. ಇದು ಕೇಳಿದ ಮೇಲೆ ಅವಳ ಮುಖ ಸಡಿಲವಾಯಿತು.

ಇದು ಸಣ್ಣ ವ್ಯತ್ಯಾಸ ಅಲ್ಲ. ಅದೇ ದಿನಗಳಲ್ಲಿ ಅವಳಿಗೆ ಲೆಟ್ರೊಜೋಲ್ ಬರೆದುಕೊಟ್ಟಿದ್ದರು, ಅಂಡ ಬೆಳೆಯಲು. ಶಿವಮೊಗ್ಗದಲ್ಲಿರುವ ಅವಳ ಅಕ್ಕ ಕೇಳಿ ಗಾಬರಿಯಾದರು: "ಅಯ್ಯೋ, ಅದು ಇಲ್ಲಿ ಬ್ಯಾನ್ ಆಗಿದೆ ಕಣೇ!" ನಿಜವೇ. 2011ರ ಅಕ್ಟೋಬರಿನಲ್ಲಿ ಭಾರತ ಸರ್ಕಾರ ಬಂಜೆತನಕ್ಕೆ ಲೆಟ್ರೊಜೋಲ್ ಕೊಡುವುದನ್ನು ನಿಲ್ಲಿಸಿತ್ತು. ಆ ತಡೆ ತೆಗೆದದ್ದು 2017ರಲ್ಲಿ. ನಡುವೆ 2014ರಲ್ಲಿ ಅಮೆರಿಕದಲ್ಲಿ ಪಿಸಿಓಡಿ ಇರುವ 750 ಹೆಂಗಸರ ಟ್ರಯಲ್‌ನ ಫಲಿತಾಂಶ ಬಂದಿತ್ತು. ಲೆಟ್ರೊಜೋಲ್ ತೆಗೆದುಕೊಂಡವರಲ್ಲಿ ಶೇ. 27.5 ಜನಕ್ಕೆ ಮಗು ಹುಟ್ಟಿತು, ಹಳೆಯ ಕ್ಲೋಮಿಫೀನ್ ತೆಗೆದುಕೊಂಡವರಲ್ಲಿ ಶೇ. 19.1 ಜನಕ್ಕೆ. ಗಮನಿಸಿ, ಅಲ್ಲಿ ಸಪ್ಪೆ ಮಾತ್ರೆಯ ಗುಂಪೇ ಇರಲಿಲ್ಲ. ಕೆಲಸ ಮಾಡುತ್ತದೆ ಎಂದು ಗೊತ್ತಿರುವ ಔಷಧಿ ಕೈಯಲ್ಲಿರುವಾಗ ಅರ್ಧ ಜನಕ್ಕೆ ಏನೂ ಕೊಡದೆ ಕೂರಿಸುವುದು ನ್ಯಾಯ ಅಲ್ಲ. ಹೊಸದನ್ನು ಹಳೆಯದರ ಜೊತೆ ಹೋಲಿಸಿದರೆ ಸಾಕು. ಜಿಂಕ್ ವಿಷಯ ಹಾಗಲ್ಲ. ಅದು ಕೆಲಸ ಮಾಡುತ್ತದೋ ಇಲ್ಲವೋ ಅನ್ನುವುದೇ ಪ್ರಶ್ನೆ.

ನನ್ನ ಅನುಮಾನ ಬೇರೆ ಇತ್ತು. ಎಲ್ಲರಿಗೂ ಜಿಂಕ್ ಕೊಟ್ಟು, ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ನೋಡಿದರೆ ಆಯಿತಲ್ಲ? ಈ ಕಣ್ಣಾಮುಚ್ಚಾಲೆ ಯಾಕೆ?

ಆಕೆ ತಿರುಗಿ ನನ್ನನ್ನೇ ಕೇಳಿದರು. "ಏನೂ ತಗೊಳ್ಳದೆ ಮುಂದಿನ ತಿಂಗಳು ಮತ್ತೆ ಟೆಸ್ಟ್ ಮಾಡಿಸಿದರೆ ನಿಮ್ಮ ಕೌಂಟ್ ಎಷ್ಟು ಬರಬಹುದು?" ಅಷ್ಟೇ ಬರುತ್ತೆ ಎಂದೆ. ನಕ್ಕರು. ಒಬ್ಬನೇ ಮನುಷ್ಯನ ಎಣಿಕೆ ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಎರಡು ಪಟ್ಟು, ಮೂರು ಪಟ್ಟು ಬದಲಾಗುತ್ತದಂತೆ. ಜ್ವರ ಬಂದಿದ್ದರೆ ಕಡಿಮೆ. ಹಿಂದಿನ ಸಲ ವೀರ್ಯ ಹೋದದ್ದಕ್ಕೂ ಟೆಸ್ಟಿಗೂ ನಡುವಿನ ದಿನಗಳು ಹೆಚ್ಚುಕಮ್ಮಿ ಆದರೆ ಅದೂ ಲೆಕ್ಕ ಕೆಡಿಸುತ್ತದೆ. ತೀರಾ ಕಡಿಮೆ ಬಂದ ದಿನವೇ ಮನುಷ್ಯ ಡಾಕ್ಟರ ಹತ್ತಿರ ಓಡುವುದು. ಹಾಗಾಗಿ ಮುಂದಿನ ಸಲ ಏನೂ ಮಾಡದಿದ್ದರೂ ಜಾಸ್ತಿ ಬರುವ ಸಾಧ್ಯತೆಯೇ ಹೆಚ್ಚು.

ನನಗೆ ತಕ್ಷಣ ನೆನಪಾದದ್ದು ನಮ್ಮೂರ ಕಡೆಯ ಕಪ್ಪೆ ಮದುವೆ. ಮಳೆ ಕೈಕೊಟ್ಟು, ಕೆರೆ ಒಣಗಿ, ಇನ್ನು ಆಗಲ್ಲ ಅನ್ನುವಾಗ ಕಪ್ಪೆಗೆ ಮದುವೆ ಮಾಡುತ್ತಾರೆ. ವಾರದೊಳಗೆ ಎಲ್ಲೋ ನಾಲ್ಕು ಹನಿ ಬೀಳುತ್ತದೆ. ನೋಡಿ, ಮದುವೆ ಫಲ ಕೊಟ್ಟಿತು! ಧೋ ಎಂದು ಮಳೆ ಸುರಿಯುವ ಶ್ರಾವಣದಲ್ಲಿ ಯಾರೂ ಕಪ್ಪೆಗೆ ಗಂಡು ಹುಡುಕುವುದಿಲ್ಲ. ಆ ವರ್ಷ ಪಕ್ಕದ ಊರಿನಲ್ಲಿ ಕಪ್ಪೆ ಮದುವೆ ಮಾಡದೆಯೂ ಮಳೆ ಬಂತಾ ಎಂದು ಯಾರೂ ಹೋಗಿ ಕೇಳುವುದಿಲ್ಲ. ಸಪ್ಪೆ ಮಾತ್ರೆಯ ಗುಂಪು ಅಂದರೆ ಆ ಪಕ್ಕದ ಊರು. ಇದನ್ನು ಆಕೆಗೆ ವಿವರಿಸಿದೆ. ಕಪ್ಪೆ ಮದುವೆಗೆ ಊಟ ಏನಿರುತ್ತದೆ ಎಂದು ಕೇಳಿದರು.

ಮಗುವಿನ ವಿಷಯದಲ್ಲಿ ಈ ಪಕ್ಕದ ಊರು ಇನ್ನೂ ಮುಖ್ಯ. ಯಾಕೆಂದರೆ ಚಿಕಿತ್ಸೆಗೆ ಬಂದವರಲ್ಲಿ ಬಹಳ ಜನಕ್ಕೆ ಮಗು ಆಗುವುದೇ ಇಲ್ಲ ಎಂದೇನಿಲ್ಲ, ತಡವಾಗುತ್ತಿದೆ ಅಷ್ಟೇ. 2008ರಲ್ಲಿ ಸ್ಕಾಟ್ಲೆಂಡಿನಿಂದ ಬಂದ ಒಂದು ಅಧ್ಯಯನವನ್ನು ನಾನು ಆಮೇಲೆ ಓದಿದೆ. ಕಾರಣ ತಿಳಿಯದೆ ಮಗು ಆಗದಿದ್ದ 580 ಹೆಂಗಸರು. ಒಂದು ಗುಂಪಿಗೆ ಕ್ಲೋಮಿಫೀನ್, ಒಂದು ಗುಂಪಿಗೆ ಐಯುಐ, ಇನ್ನೊಂದು ಗುಂಪಿಗೆ ಮನೆಯಲ್ಲಿ ಹಾಗೇ ಪ್ರಯತ್ನ ಮಾಡಿ ಎಂಬ ಸಲಹೆ. ಆರು ತಿಂಗಳು. ಸುಮ್ಮನಿದ್ದವರಲ್ಲಿ ಶೇ. 17 ಜನಕ್ಕೆ ಮಗು ಆಯಿತು. ಮಾತ್ರೆ ತಿಂದವರಲ್ಲಿ ಶೇ. 14. ಐಯುಐ ಆದವರಲ್ಲಿ ಶೇ. 23, ಅದೂ ಆಕಸ್ಮಿಕ ಅಲ್ಲ ಎಂದು ಗಟ್ಟಿಯಾಗಿ ಹೇಳುವಷ್ಟು ದೂರದ ಅಂತರ ಅಲ್ಲ. ನನಗೆ ಹೆಚ್ಚು ತಟ್ಟಿದ್ದು ಬೇರೆ ಅಂಕಿ. ಈ ದಾರಿ ನಿಮಗೆ ಒಪ್ಪಿಗೆಯಾಯಿತಾ ಎಂದು ಕೇಳಿದಾಗ ಮಾತ್ರೆ ತಿಂದವರಲ್ಲಿ ಶೇ. 94 ಜನ ಹೌದು ಅಂದರು. ಸುಮ್ಮನಿದ್ದವರಲ್ಲಿ ಶೇ. 80. ಉಪಯೋಗವಿಲ್ಲದ ಮಾತ್ರೆಯಾದರೂ ಸರಿ, ಸುಮ್ಮನೆ ಕೂರುವುದಕ್ಕಿಂತ ಮೇಲು! ಈ ಸಂಕಟ ಅನುಭವಿಸಿದವರಿಗೇ ಗೊತ್ತು. ನಾನಂತೂ ಅವರನ್ನು ನೋಡಿ ನಗುವುದಿಲ್ಲ.

ಒಪ್ಪಿಗೆ ಪತ್ರ ದಪ್ಪಗಿತ್ತು. ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೆ ನಿಮ್ಮ ಚಿಕಿತ್ಸೆಗೆ ತೊಂದರೆ ಇಲ್ಲ, ಅರ್ಧ ಜನಕ್ಕೆ ಖಾಲಿ ಮಾತ್ರೆ, ಹೊಟ್ಟೆ ತೊಳಸಬಹುದು, ಇತ್ಯಾದಿ. ಇಷ್ಟೊಂದು ಯಾಕೆ ಬರೆಯುತ್ತಾರೆ ಎಂದು ಬೈದುಕೊಂಡಿದ್ದೆ. ಆಮೇಲೆ ಡಿಇಎಸ್ ಎಂಬ ಹಾರ್ಮೋನಿನ ಕಥೆ ಓದಿದೆ. ಗರ್ಭ ಜಾರದಿರಲಿ ಎಂದು ಅಮೆರಿಕದಲ್ಲಿ ಬಸುರಿಯರಿಗೆ ಧಾರಾಳವಾಗಿ ಕೊಡುತ್ತಿದ್ದ ಮಾತ್ರೆ ಅದು. 1950ರ ಸುಮಾರಿಗೆ ಷಿಕಾಗೋದಲ್ಲಿ ಅರ್ಧ ಜನಕ್ಕೆ ಅದನ್ನು, ಅರ್ಧ ಜನಕ್ಕೆ ಸಪ್ಪೆ ಮಾತ್ರೆಯನ್ನು ಕೊಟ್ಟು ನೋಡಿದರು. 1953ರಲ್ಲಿ ಫಲಿತಾಂಶ ಬಂತು: ಏನೂ ಉಪಯೋಗವಿಲ್ಲ. ಆದರೂ ಡಾಕ್ಟರುಗಳು ಬರೆಯುವುದು ಬಿಡಲಿಲ್ಲ. 1971ರಲ್ಲಿ ಆ ತಾಯಂದಿರ ಹೆಣ್ಣುಮಕ್ಕಳಿಗೆ ಎಳೆ ವಯಸ್ಸಿನಲ್ಲೇ ಯೋನಿಯ ಅಪರೂಪದ ಕ್ಯಾನ್ಸರ್ ಬರುತ್ತಿದೆ ಎಂದು ಬಾಸ್ಟನ್ನಿನ ಡಾಕ್ಟರುಗಳು ತೋರಿಸಿದ ಮೇಲೆಯೇ ಸರ್ಕಾರ ಬಸುರಿಯರಿಗೆ ಕೊಡಬೇಡಿ ಎಂದದ್ದು. ಹದಿನೆಂಟು ವರ್ಷ! ಸಪ್ಪೆ ಮಾತ್ರೆ ತನ್ನ ಸಾಕ್ಷಿ ಹೇಳಿ ಮುಗಿಸಿತ್ತು, ಕೇಳುವವರು ಇರಲಿಲ್ಲ. ಇನ್ನೊಂದು ವಿಷಯ, ಆ ಷಿಕಾಗೋ ಹೆಂಗಸರಲ್ಲಿ ಕೆಲವರು ಮುಂದೆ ಕೋರ್ಟಿಗೆ ಹೋದರು. ತಮ್ಮ ಮೇಲೆ ಪ್ರಯೋಗ ನಡೆಯುತ್ತಿದೆ ಎಂದೇ ತಮಗೆ ಯಾರೂ ಹೇಳಿರಲಿಲ್ಲ ಎನ್ನುವುದು ಅವರ ದೂರು. ದಪ್ಪ ಕಾಗದಕ್ಕೆ ನಾನು ಈಗ ಬೈಯುವುದಿಲ್ಲ.

ಸಹಿ ಹಾಕುವ ಮೊದಲು ಊಟದ ಬಗ್ಗೆ ಕೇಳಿದರು. ಸಸ್ಯಾಹಾರಿ ಎಂದೆ. ಆಕೆಯ ಹುಬ್ಬು ಮೇಲೆ ಹೋಯಿತು. ಹಾಲು, ಮೊಸರು? ಮೊಸರಿಲ್ಲದೆ ನಮ್ಮ ಊಟ ಮುಗಿಯುವುದೇ ಇಲ್ಲ ಎಂದೆ. ವಿಷಯ ಬಿ12ದು. ಮೈಯಲ್ಲಿ ಬಿ12 ಕಡಿಮೆ ಇದ್ದವರು ಫೋಲಿಕ್ ಆಸಿಡ್ ಜಾಸ್ತಿ ತಿಂದರೆ ರಕ್ತಹೀನತೆ ಮರೆಯಾಗಿಬಿಡುತ್ತದೆ, ನರಕ್ಕೆ ಆಗುತ್ತಿರುವ ತೊಂದರೆ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ. ನಮ್ಮ ಕಡೆ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಮಾಮೂಲು. ಮೊಸರನ್ನ ನನ್ನನ್ನು ಕಾಪಾಡಿತು.

ಮಾತ್ರೆ ಶುರುವಾಯಿತು. ಬೆಳಿಗ್ಗೆ ಹಲ್ಲುಜ್ಜಿದ ತಕ್ಷಣ. ಮೊದಲ ವಾರ ಏನೂ ಇಲ್ಲ. ಎರಡನೇ ವಾರ ಒಂದು ದಿನ ಆಫೀಸಿನ ಲಿಫ್ಟಿನಲ್ಲಿ ಹೊಟ್ಟೆ ತೊಳಸಿದ ಹಾಗಾಯಿತು. ಮನಸ್ಸಿನಲ್ಲಿ ಹಬ್ಬ! ಖಾಲಿ ಹೊಟ್ಟೆಗೆ ಜಿಂಕ್ ಬಿದ್ದರೆ ಹೀಗಾಗುತ್ತದೆ ಎಂದು ಓದಿದ್ದೆ. ನನಗೆ ಅಸಲಿ ಸಿಕ್ಕಿದೆ! ಮನೆಗೆ ಬಂದು ಹೆಂಡತಿಗೆ ಹೇಳಿದೆ. "ನೆನ್ನೆ ರಾತ್ರಿ ಹಳಸಿದ ಪುಳಿಯೋಗರೆ ತಿಂದಿದ್ರಿ" ಎಂದಳು. ಸಮಾಧಾನ ಆಗಲಿಲ್ಲ. ಮರುದಿನ ಮಾತ್ರೆಯನ್ನು ನುಂಗದೆ ಹಲ್ಲಲ್ಲಿ ಕಡಿದೆ. ಸತುವಾದರೆ ನಾಲಿಗೆಗೆ ನಾಣ್ಯ ನೆಕ್ಕಿದ ಹಾಗೆ ಆಗಬೇಕು. ಸುಣ್ಣದ ಕಡ್ಡಿ ಕಡಿದ ಹಾಗೆ ಇತ್ತು. ಅಥವಾ ಸ್ವಲ್ಪ ನಾಣ್ಯದ ಹಾಗೂ ಇತ್ತೇನೋ. ನಾಲಿಗೆಯನ್ನು ಎಷ್ಟು ಪ್ರಶ್ನೆ ಕೇಳುತ್ತೀರೋ ಅದು ಅಷ್ಟು ಸುಳ್ಳು ಹೇಳುತ್ತದೆ. ಮುಂದಿನ ಭೇಟಿಯಲ್ಲಿ ತಪ್ಪೊಪ್ಪಿಕೊಂಡೆ. ಆಕೆ ಗದರಲಿಲ್ಲ. ಹೊಟ್ಟೆ ತೊಳಸಿದ್ದನ್ನು ಬರೆದುಕೊಂಡರು. ಎರಡೂ ಗುಂಪಿನವರೂ ಇದನ್ನೇ ಹೇಳುತ್ತಾರೆ, ಅದಕ್ಕೇ ಎರಡೂ ಗುಂಪು ಬೇಕು ಎಂದರು.

ಅಮ್ಮನ ಪಾರ್ಸೆಲ್ ಬಂದದ್ದು ಇದೇ ಸಮಯದಲ್ಲಿ. ಕ್ಯಾಪ್ಸೂಲಿನ ಡಬ್ಬಿಯ ಮೇಲಿನ ಚೀಟಿ ಕನ್ನಡದಲ್ಲಿ ಅಚ್ಚಾಗಿತ್ತು. ಶತಾವರಿ, ನೆಗ್ಗಿಲು, ನಸುಗುನ್ನಿ ಬೀಜ... ಕೊನೆಯಲ್ಲಿ ಸಣ್ಣಕ್ಷರದಲ್ಲಿ 'ಯಶದ ಭಸ್ಮ'. ಯಶದ ಅಂದರೇನು? ಹುಡುಕಿದೆ. ಯಶದ ಅಂದರೆ ಸತು. ಸತುವನ್ನು ಸುಟ್ಟು ಮಾಡಿದ ಭಸ್ಮ. ಅಂದರೆ, ಅಮೆರಿಕ ಸರ್ಕಾರ ಮೂರು ಬೀಗ ಹಾಕಿ ನನ್ನಿಂದ ಮುಚ್ಚಿಟ್ಟಿದ್ದ ಮದ್ದನ್ನು ಅಮ್ಮ ತಿಪಟೂರಿನಿಂದ ಪಂಚೆಯಲ್ಲಿ ಸುತ್ತಿ ಕಳಿಸಿದ್ದಳು! ಅಡುಗೆಮನೆಯ ನೆಲದ ಮೇಲೆ ಕೂತು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಬಹಳ ದಿನದ ಮೇಲೆ ಹಾಗೆ ನಕ್ಕಿದ್ದು.

ಆಮೇಲೆ ಯೋಚನೆ ಬಂತು. ತಿಂದುಬಿಡಲಾ? ಚೀಟಿಯಲ್ಲಿ ಸಪ್ಪೆ ಬಂದಿದ್ದರೆ ಇದರಿಂದ ಸರಿದೂಗುತ್ತದೆ. ನಿಜ ಹೇಳುತ್ತೇನೆ, ಒಂದು ರಾತ್ರಿ ಡಬ್ಬಿ ಕೈಯಲ್ಲಿ ಹಿಡಿದು ಕೂತಿದ್ದೆ. ಆದರೆ ಸಪ್ಪೆ ಗುಂಪಿನ ಪ್ರತಿಯೊಬ್ಬನ ಅಮ್ಮನೂ ಹೀಗೇ ಕಳಿಸಿ, ಅವನೂ ಕದ್ದು ತಿಂದರೆ? ಎರಡೂ ಗುಂಪೂ ಒಂದೇ ಆಗುತ್ತದೆ. ಜಿಂಕ್ ನಿಜವಾಗಿ ಒಳ್ಳೆಯದಾಗಿದ್ದರೂ ಏನೂ ವ್ಯತ್ಯಾಸ ಕಾಣುವುದಿಲ್ಲ. ಮರುದಿನ ಡಬ್ಬಿಯ ಫೋಟೋ ತೆಗೆದು, ಇಂಗ್ಲಿಷಿಗೆ ಬರೆದು ಕೋಆರ್ಡಿನೇಟರಿಗೆ ಕಳಿಸಿದೆ. ಬೇಡ ಅಂದರು. ಅಮ್ಮನಿಗೆ ತಗೊಳ್ತಾ ಇದೀನಿ ಎಂದೆ. ಈ ಇಡೀ ವ್ಯವಹಾರದಲ್ಲಿ ಯಾರಾದರೂ ಯಾರಿಗಾದರೂ ಸುಳ್ಳು ಹೇಳಿದ್ದರೆ ಅದು ನಾನು, ಅಮ್ಮನಿಗೆ. ಖಾಲಿ ಮಾತ್ರೆ ಇರಬಹುದು ಎಂದು ಅವರು ಮೊದಲೇ ಹೇಳಿದ್ದರಲ್ಲ.

ಮೊದಲ ಐಯುಐ ಡಿಸೆಂಬರಿನಲ್ಲಿ. ಆಗಲಿಲ್ಲ. ಎರಡನೆಯದು ಜನವರಿಯಲ್ಲಿ, ಹೊರಗೆ ಮೈನಸ್ 22. ಸ್ಯಾಂಪಲ್ಲನ್ನು ಮನೆಯಲ್ಲೇ ತೆಗೆದು ಒಂದು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು, ಮೈ ಶಾಖದಲ್ಲೇ ಇಟ್ಟುಕೊಂಡು ತರಬೇಕು ಎಂದಿದ್ದರು. ಬನಿಯನ್ನು, ಅದರ ಮೇಲೆ ಥರ್ಮಲ್ಲು, ಸ್ವೆಟರು, ಜಾಕೆಟ್ಟು. ಬನಿಯನ್ನಿಗೂ ಹೊಟ್ಟೆಗೂ ನಡುವೆ ಡಬ್ಬಿ. ಅದರ ಸುತ್ತ ಉಣ್ಣೆ ಕಾಲುಚೀಲ. ಹೆಂಡತಿ ಕಾರು ಓಡಿಸುತ್ತಿದ್ದಳು. ನಾನು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದೆ, ಥೇಟ್ ತುಂಬು ಬಸುರಿಯ ಹಾಗೆ. ಹೆದ್ದಾರಿಯಲ್ಲಿ ಹಿಮ ತೆಗೆಯುವ ಲಾರಿ ಅಡ್ಡ ಬಂತು. ಗಡಿಯಾರ ನೋಡಿದೆ, ಮೂವತ್ತೆಂಟು ನಿಮಿಷ. "ಅಲುಗಾಡಿಸಬೇಡಿ ರೀ" ಎಂದಳು. "ನೀನು ಗುಂಡಿ ತಪ್ಪಿಸು" ಎಂದೆ. ನಲವತ್ತೊಂಬತ್ತನೇ ನಿಮಿಷಕ್ಕೆ ಲ್ಯಾಬಿನ ಕಿಟಕಿಯಲ್ಲಿ ಜಾಕೆಟ್ಟಿನ ಜಿಪ್ಪು ಕೆಳಗೆಳೆದು, ಕಾಲುಚೀಲದ ಸಮೇತ ಹೊರಗೆ ತೆಗೆದುಕೊಟ್ಟೆ. ಕಿಟಕಿಯ ಹುಡುಗಿ ಕಾಲುಚೀಲ ವಾಪಸ್ ಕೊಟ್ಟಳು. ಅದೂ ಆಗಲಿಲ್ಲ.

ಆದರೆ ಅವತ್ತು ಇನ್ನೊಂದು ಸುದ್ದಿ ಬಂತು. ಐಯುಐಗೆ ಮೊದಲು ಕ್ಲಿನಿಕ್ಕಿನವರು ಎಣಿಸುತ್ತಾರಲ್ಲ, ಆ ಎಣಿಕೆ 2.2 ಕೋಟಿ. ತೊಂಬತ್ತು ಲಕ್ಷದಿಂದ ಎರಡು ಕೋಟಿ ಇಪ್ಪತ್ತು ಲಕ್ಷ! ಜಿಂಕೇ, ಅನುಮಾನವೇ ಇಲ್ಲ ಎಂದೆ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ನಾನು ಮಾತ್ರೆ ಶುರು ಮಾಡಿಯೂ ಹತ್ತಿರ ಹತ್ತಿರ ಅಷ್ಟೇ ಆಗಿದೆ, ಲೆಕ್ಕ ಕೂಡಿತಲ್ಲ! ಮುಂದಿನ ಭೇಟಿಯಲ್ಲಿ ಕೋಆರ್ಡಿನೇಟರಿಗೆ ಈ ಸಿದ್ಧಾಂತ ಪೂರ್ತಿ ಮಂಡಿಸಿದೆ. ಆಕೆ ತಲೆಯಾಡಿಸುತ್ತಾ ಕೇಳಿದರು. ಕೊನೆಗೆ, "ಕಪ್ಪೆ ಮದುವೆ" ಎಂದರು, ಇಂಗ್ಲಿಷಿನಲ್ಲಿ. ನನ್ನ ಬಾಣ ನನಗೇ ತಿರುಗಿತು.

ಮೂರನೇ ಐಯುಐ ಏಪ್ರಿಲಿನಲ್ಲಿ. ಅದು ನಿಂತಿತು. ಟೆಸ್ಟಿನ ಕಡ್ಡಿಯಲ್ಲಿ ಎರಡನೇ ಗೆರೆ ಎಷ್ಟು ಮಾಸಲಾಗಿತ್ತೆಂದರೆ, ಬಾಲ್ಕನಿಗೆ ಹೋಗಿ ಬಿಸಿಲಿಗೆ ಹಿಡಿದು ನೋಡಿದೆವು. ಪಕ್ಕದ ಮನೆಯಾತ ಥರ್ಮಾಮೀಟರ್ ಎಂದುಕೊಂಡು, ಎಷ್ಟಿದೆ ಎಂದು ಕೇಳಿದ. ನನ್ನ ಮಾತ್ರೆ ಇನ್ನೂ ಮುಗಿದಿರಲಿಲ್ಲ. ಬಸುರಿ ಹೆಂಡತಿಯ ಪಕ್ಕ ನಿಂತು ಉಳಿದ ದಿನದ ಮಾತ್ರೆ ನುಂಗಿ ಮುಗಿಸಿದೆ. ಯಾತಕ್ಕೆ ಎಂದು ಅವಳು ಕೇಳಲಿಲ್ಲ. 2017ರ ಜನವರಿಯಲ್ಲಿ ಮಗಳು ಹುಟ್ಟಿದಳು. ಬಾಣಂತನಕ್ಕೆ ಅತ್ತೆ ಬಂದರು. ಆ ಚಳಿಯಲ್ಲಿ ಮೆಂತ್ಯದ ಹಿಟ್ಟು, ಅಂಟಿನುಂಡೆ ವಾಸನೆ ಅಪಾರ್ಟ್‌ಮೆಂಟಿನ ಮೂರು ಮಹಡಿಗೂ ಹರಡಿತ್ತು.

ಮುಂದಿನ ವರ್ಷ ಊರಿಗೆ ಹೋದಾಗ ಅಮ್ಮ ಘಾಟಿ ಸುಬ್ರಹ್ಮಣ್ಯಕ್ಕೆ ಕರೆದುಕೊಂಡು ಹೋದಳು. ಅವಳು ಹೊತ್ತಿದ್ದ ಹರಕೆ. ದೊಡ್ಡಬಳ್ಳಾಪುರ ದಾಟಿ ಹೋಗುವ ಆ ಕ್ಷೇತ್ರಕ್ಕೆ ಮಕ್ಕಳಿಲ್ಲದವರು ನಡೆದುಕೊಳ್ಳುತ್ತಾರೆ, ನಾಗರಕಲ್ಲು ಪ್ರತಿಷ್ಠೆ ಮಾಡಿಸುತ್ತಾರೆ. ಸಾಲು ಸಾಲು ಕಲ್ಲು, ಅರಿಶಿನ ಕುಂಕುಮ ಮೆತ್ತಿಕೊಂಡು. ಅಮ್ಮ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಒಂದೊಂದನ್ನೂ ತೋರಿಸಿದಳು. "ನೋಡು, ಎಷ್ಟು ಜನಕ್ಕೆ ಕೊಟ್ಟಿದಾನೆ." ನಾನು ಸುಮ್ಮನೆ ನಿಂತಿದ್ದೆ. ಕಲ್ಲು ಇಟ್ಟೂ ಮಗು ಆಗದವರು ಎಷ್ಟು, ಹರಕೆ ಹೊರದೆಯೇ ಆದವರು ಎಷ್ಟು ಎಂದು ಮನಸ್ಸು ಎಣಿಸಲು ಶುರು ಮಾಡಿತ್ತು. ಮಗು ಆದವರು ಮಗುವನ್ನು ಎತ್ತಿಕೊಂಡು ಮತ್ತೆ ಬರುತ್ತಾರೆ. ಆಗದವರು ಬಂದು ಆಗಲಿಲ್ಲ ಎಂದು ಯಾರಿಗೆ ಹೇಳುತ್ತಾರೆ? ಆ ಟ್ರಯಲ್ ನನ್ನ ತಲೆ ಕೆಡಿಸಿದೆ ಎಂದು ಹೆಂಡತಿ ಹೇಳುವುದು ಸುಳ್ಳಲ್ಲ. ಅಮ್ಮನಿಗೆ ಏನೂ ಹೇಳಲಿಲ್ಲ. ಮಗುವಿನ ಹಣೆಗೆ ಕುಂಕುಮ ಇಟ್ಟಳು, ನನ್ನ ಹಣೆಗೂ ಇಟ್ಟಳು.

ಫಲಿತಾಂಶ ಬಂದದ್ದು 2020ರ ಜನವರಿಯಲ್ಲಿ, ಜಾಮಾ ಎಂಬ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ. ರಾತ್ರಿ ಮಗಳನ್ನು ಮಲಗಿಸಿ ಓದಿದೆ. ಒಟ್ಟು 2370 ದಂಪತಿಗಳು. ಜಿಂಕ್ ಮತ್ತು ಫೋಲಿಕ್ ಆಸಿಡ್ ತೆಗೆದುಕೊಂಡ ಗುಂಪಿನಲ್ಲಿ 404 ಮನೆಗಳಲ್ಲಿ ಮಗು ಹುಟ್ಟಿತು, ಶೇ. 34. ಸಪ್ಪೆ ಮಾತ್ರೆ ಗುಂಪಿನಲ್ಲಿ 416, ಶೇ. 35. ವೀರ್ಯಾಣುವಿನ ಎಣಿಕೆ, ಓಟ, ಆಕಾರ ಯಾವುದರಲ್ಲೂ ವ್ಯತ್ಯಾಸವಿಲ್ಲ. ಡಿಎನ್‌ಎ ಒಡೆದಿರುವ ಪ್ರಮಾಣ ಮಾತ್ರ ಮದ್ದು ತಿಂದವರಲ್ಲೇ ತುಸು ಜಾಸ್ತಿ, ಶೇ. 29.7, ಸಪ್ಪೆಯವರಲ್ಲಿ 27.2. ಹೊಟ್ಟೆ ತೊಳಸಿದವರು ಮದ್ದಿನ ಗುಂಪಿನಲ್ಲಿ 50 ಜನ, ಸಪ್ಪೆ ಗುಂಪಿನಲ್ಲಿ 24 ಜನ. ಆ 24 ಜನರನ್ನು ಒಂದು ಸಲ ನೋಡಬೇಕು ಅನಿಸಿತು. ಲಿಫ್ಟಿನಲ್ಲಿ ಹೊಟ್ಟೆ ಹಿಡಿದುಕೊಂಡು ಖುಷಿಪಟ್ಟವರು.

404 ಓದಿ ಅಲ್ಲೇ ನಿಲ್ಲಿಸಿದ್ದರೆ? ಮೂರರಲ್ಲಿ ಒಬ್ಬರಿಗೆ ಮಗು! ಯಾವ ಕಂಪನಿಯವನಾದರೂ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿರುತ್ತಿದ್ದ. ಹಾಕಿಸದೆ ಬಿಟ್ಟಿದ್ದಾರೆ ಎಂದಲ್ಲ. ನಮ್ಮಲ್ಲೂ ಗಂಡಸರಿಗೆಂದೇ ಜಿಂಕ್, ಫೋಲಿಕ್ ಆಸಿಡ್, ಕಾರ್ನಿಟಿನ್, ಲೈಕೋಪೀನ್ ಎಲ್ಲ ಒಂದೇ ಕ್ಯಾಪ್ಸೂಲಿಗೆ ತುಂಬಿ ಮೆಡಿಕಲ್ ಸ್ಟೋರಿನಲ್ಲಿ ಮಾರುತ್ತಾರೆ. ಜಿಂಕ್ ಕಥೆ ಸುಮ್ನೆ ಹುಟ್ಟಿದ್ದಲ್ಲ. 2002ರಲ್ಲಿ ಹಾಲೆಂಡಿನಲ್ಲಿ ಇದೇ ಎರಡು ಮದ್ದನ್ನು ಆರು ತಿಂಗಳು ಕೊಟ್ಟು ನೋಡಿದ್ದರು. ಅಲ್ಲಿಯೂ ಸಪ್ಪೆ ಮಾತ್ರೆ ಇತ್ತು. ಸಮಸ್ಯೆ ಇದ್ದ ಗಂಡಸರಲ್ಲಿ ಸರಿಯಾದ ಆಕಾರದ ವೀರ್ಯಾಣು ಶೇ. 74 ಹೆಚ್ಚಾಯಿತು ಎಂದು ಬಂತು. ಆದರೆ ಅದು ಕೆಲವೇ ನೂರು ಜನರ ಮೇಲೆ ಮಾಡಿದ್ದು, ಎಣಿಸಿದ್ದೂ ವೀರ್ಯಾಣುವನ್ನು, ಮಗುವನ್ನಲ್ಲ. ತೊಟ್ಟಿಲು ಎಣಿಸಲು 2370 ಮನೆ ಬೇಕಾಯಿತು.

ಹೆಂಡತಿಯನ್ನು ಎಬ್ಬಿಸಿ ಹೇಳಿದೆ. 404ರಲ್ಲಿ ನಮ್ಮವಳು ಇದ್ದಾಳೋ, 416ರಲ್ಲೋ? ನನಗೆ ಯಾವ ಮಾತ್ರೆ ಬಂದಿತ್ತು ಎಂದು ಇವತ್ತಿಗೂ ಗೊತ್ತಿಲ್ಲ. ಪತ್ರ ಬರೆದು ಕೇಳಬಹುದಿತ್ತೇನೋ, ಬರೆಯಲಿಲ್ಲ. "ಎರಡೂ ಒಂದೇ ಅಂದ್ಮೇಲೆ ಇನ್ನೇನ್ರೀ ಕೇಳೋದು" ಎಂದು ಮಗ್ಗುಲು ಬದಲಿಸಿದಳು.

ಅಲ್ಲಿ ಬೆಳಗಾಗಿತ್ತು, ಅಮ್ಮನಿಗೆ ಫೋನ್ ಮಾಡಿದೆ. ಆ ರಾತ್ರಿ ಯಾಕೋ ಎಲ್ಲ ಹೇಳಿಬಿಟ್ಟೆ. ಟ್ರಯಲ್ಲು, ಸಪ್ಪೆ ಮಾತ್ರೆ, ಯಶದ ಭಸ್ಮ, ಅವಳು ಕಳಿಸಿದ ಡಬ್ಬಿ ಮುಟ್ಟದೇ ಇದ್ದದ್ದು. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಿಂದೆ ಯಾರೋ ಕಾಯಿ ಸುಲಿಯುತ್ತಿದ್ದ ಸದ್ದು.

"ಅಂದ್ರೆ ಆ ಮಾತ್ರೇಲಿ ಏನೂ ಇರ್ಲಿಲ್ವಾ?"

"ಇತ್ತೋ ಇಲ್ವೋ ಗೊತ್ತಿಲ್ಲಮ್ಮ. ಇದ್ದಿದ್ರೂ ಏನೂ ವ್ಯತ್ಯಾಸ ಇಲ್ಲ ಅಂತ ಈಗ ಗೊತ್ತಾಗಿದೆ."

"ಸರಿ ಬಿಡು. ಈ ಸಲ ಘಾಟಿಗೆ ಹೋದಾಗ ಅದರ ಹೆಸರಲ್ಲೂ ಒಂದು ಕಾಯಿ ಒಡೆಸಿಬಿಡ್ತೀನಿ. ಆ ಸಪ್ಪೆ ಮಾತ್ರೆದು. ಏನಂದೆ ಅದರ ಹೆಸರು?"

"ಪ್ಲಸೀಬೊ."

"ಇರು, ಬರ್ಕೋತೀನಿ" ಎಂದು ಅಪ್ಪನ ಹತ್ತಿರ ಪೆನ್ನು ಕೇಳಿದಳು.